ಅಪ್ಪನ ಕಿರುಬೆರಳು

ಮಾರ್ಚ್ ೧೨, ಗುರುವಾರ ಮಧ್ಯಾಹ್ನ
ವರ್ಕ್‌ಶಾಪಿನ ಹಿಂದಿನ ಕೋಣೆ. ಅಪ್ಪ ಊಟ ಮಾಡಿ ಮಲಗಿದ್ದಾರೆ.

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಚಿಕ್ಕಮ್ಮನ ಕಾಲಿನ ಪಟ್ಟಿ ಬಿಚ್ಚಿದರಾ? ಆಗಲೇ ನಡೆಯುತ್ತೇನೆಂದು ಹಠ ಹಿಡಿದಿದ್ದಾಳೆ ಎಂದು ನೀನು ಬರೆದಿದ್ದೆ. ನಿನ್ನ ತಂಗಿಯಲ್ಲವೇ, ಆ ಹಠ ಎಲ್ಲಿಂದ ಬಂತೆಂದು ನಾನು ಕೇಳುವುದಿಲ್ಲ. ಇಲ್ಲಿ ನನ್ನ ಅಡುಗೆಯನ್ನು ಅಪ್ಪ ಒಂದು ಮಾತೂ ಆಡದೆ ತಿನ್ನುತ್ತಾರೆ. ಏನನ್ನೋ ಮುಚ್ಚಿಡುತ್ತಿದ್ದಾರೆಂದು ನನಗೆ ಮೊದಲು ಅನುಮಾನ ಬಂದದ್ದೇ ಅದರಿಂದ.

ಅಪ್ಪ ಲೇಥಿನಲ್ಲಿ ಕಡೆದು ಹೊಲಿಗೆ ಯಂತ್ರದ ರಿಪೇರಿಯವರಿಗೆ ಕೊಟ್ಟ ಸಣ್ಣ ಪಿನ್ನುಗಳು ವಾಪಸ್ ಬಂದವು. ತಿರುಗಿಸಿದರೆ ಓಲಾಡುತ್ತವೆ. "ಕಂಬಿ ಮಾರೋನಿಗೆ ಕಣ್ಣಿಲ್ಲ" ಎಂದು ಅಪ್ಪ ಬೈದರು. ಪಿನ್ನು ಕಡೆಯುವ ಆ ಕಂಬಿಯನ್ನು ಗಾಜಿನ ಮೇಲೆ ಉರುಳಿಸಿ ನೋಡಿದೆ, ನೆಟ್ಟಗೇ ಇತ್ತು. ಇಂಥ ಸಣ್ಣ ಕೆಲಸಕ್ಕೆ ಹಾಕುವ ಕಾಲೆಟ್ ನಿನಗೆ ನೆನಪಿರಬೇಕು, ಕಂಬಿಯನ್ನು ಹಿಡಿದುಕೊಳ್ಳುವ, ಸೀಳು ಬಿಟ್ಟ ಉಕ್ಕಿನ ಪುಟ್ಟ ಕೊಳವೆ. ನೀನು ಚಹಾ ತಂದಾಗಲೆಲ್ಲ ತೋರಿಸುತ್ತಿದ್ದರಲ್ಲ, "ಚಕ್ಕು ಮೂರು ಹಲ್ಲಲ್ಲಿ ಕಚ್ತದೆ, ಕಾಲೆಟ್ಟು ಸುತ್ತಲೂ ತಬ್ಕೊಳ್ತದೆ ನೋಡೇ" ಎಂದು. ಅದನ್ನು ಕೂರಿಸುವ ಮೊದಲು ಲೇಥಿನ ಬಾಯೊಳಗೆ ಕಿರುಬೆರಳು ಹಾಕಿ ಸವರುವುದು ಅವರ ರೂಢಿ. ಬಟ್ಟೆಯನ್ನು ಅವರು ನಂಬುವುದಿಲ್ಲ. ಕೂದಲೆಳೆಯಷ್ಟು ಲೋಹದ ಚೂರು ಅಲ್ಲಿ ಉಳಿದರೂ ಕಾಲೆಟ್ ಓರೆಯಾಗಿ ಕೂರುತ್ತದೆ, ಪಿನ್ನು ಹಾಳು.

ಬೆಳಿಗ್ಗೆ ಹಾಗೇ ಸವರಿ "ಏನಿಲ್ಲ, ಸ್ವಚ್ಛ" ಎಂದರು. ಪಿನ್ನು ಮತ್ತೆ ಓಲಾಡಿತು. ಅವರು ಬಾಗಿಲಲ್ಲಿ ಗಿರಾಕಿಯೊಡನೆ ಮಾತಿಗೆ ನಿಂತಾಗ ನಾನು ಕಾಲೆಟ್ ಬಿಚ್ಚಿದೆ. ಚೂರು ಅಲ್ಲೇ ಇತ್ತು, ಪಕ್ಕದಲ್ಲಿ ರಕ್ತ. ತಿರುಗಿ ನೋಡಿದರೆ ಅಪ್ಪ ನಗುತ್ತಾ ಮಾತಾಡುತ್ತಿದ್ದಾರೆ, ಕಿರುಬೆರಳಿನಿಂದ ರಕ್ತ ಪ್ಯಾಂಟಿಗೆ ತೊಟ್ಟಿಕ್ಕುತ್ತಿದೆ. ಗಿರಾಕಿ ತೋರಿಸುವವರೆಗೂ ಅವರಿಗೆ ಗೊತ್ತೇ ಆಗಲಿಲ್ಲ.

ನಾನು ಪಟ್ಟಿ ಕಟ್ಟುವಾಗ ಅವರು ಬೇರೆಲ್ಲೋ ನೋಡುತ್ತಿದ್ದರು. ಪಕ್ಕದ ಬೆರಳಿಗೆ ಮೆಲ್ಲಗೆ ಸೂಜಿಯ ಮೊನೆ ತಾಗಿಸಿದೆ. ಬೆರಳು ಕದಲಲೇ ಇಲ್ಲ. ಆಮೇಲೆ ತಿರುಗಿ, ನನ್ನ ಕೈಯಲ್ಲಿನ ಸೂಜಿ ಕಂಡು "ಚುಚ್ಚಿದ್ಯಾ?" ಎಂದು ಕೇಳಿದರು. ಎರಡು ಕೈಗಳೂ ಹೀಗೇ ಇವೆಯಂತೆ, ನೀನು ಹೊರಡುವ ಮೊದಲಿನಿಂದಲೂ. "ಅಮ್ಮನಿಗೆ ಬರೀಬೇಡ, ಓಡಿ ಬಂದ್ಬಿಡ್ತಾಳೆ" ಎಂದರು. ಹೂಂ ಅಂದೆ. ಆದರೂ ಬರೆಯುತ್ತಿದ್ದೇನೆ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ನೀನೂ ಸ್ವಲ್ಪ ಮಲಗು.

ನಿನ್ನ ಮಗಳು

ಅಪ್ಪ ಎದ್ದ ಸದ್ದಾಯಿತು, ಇಷ್ಟು ಬರೆದುಬಿಡುತ್ತೇನೆ: ಡಾಕ್ಟರ ಹತ್ತಿರ ನಾನೇ ಕರೆದೊಯ್ಯುತ್ತೇನೆ, ನೀನು ಓಡಿ ಬರಬೇಡ. ಸ್ವಿಚ್ ಆರಿಸಿದ ಮೇಲೂ ತಿರುಗುವ ಲೇಥನ್ನು ಅಪ್ಪ ಅಂಗೈ ಒತ್ತಿ ನಿಲ್ಲಿಸುತ್ತಾರೆ. ಆ ಕೈಗೇ ಈಗ ಏನೂ ತಿಳಿಯುವುದಿಲ್ಲ. ನಾಳೆ ಅವರು ಬರುವ ಮೊದಲೇ ಲೇಥ್ ತಿರುಗದಂತೆ ಮೋಟರಿನ ಬೆಲ್ಟ್ ಬಿಚ್ಚಿ ನನ್ನ ಚೀಲದಲ್ಲಿಟ್ಟುಕೊಳ್ಳುತ್ತೇನೆ. ಕೇಳಿದರೆ, ಹರಿದುಹೋಯಿತು ಎನ್ನುವುದಿಲ್ಲ, ನಾನೇ ಬಿಚ್ಚಿಟ್ಟೆ ಎನ್ನುತ್ತೇನೆ.