ತುಪ್ಪ ನೀಡಿದ ಪಾಠ

ಮುದ್ದೇಬಿಹಾಳ
೨೭-೭-೧೯೭೮

ಸೌ. ರುಕ್ಮವ್ವಳಿಗೆ,

ಆಶೀರ್ವಾದಗಳು ಎಂದು ಬರೆಯಲು ಹೋಗಿ ಕೈ ತಡೆಯಿತು. ಗಂಡನೆಂದು ಆಶೀರ್ವದಿಸುವ ಮುಖ ನನಗೆಲ್ಲಿದೆ? ನೀನು ಇಂಗಳೇಶ್ವರಕ್ಕೆ, ತವರಿಗೆ ಹೋದ ಮೇಲೆ ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ರೊಟ್ಟಿ ಮಾತ್ರ ಹಾಕುತ್ತಾಳೆ.

ಪುಣೆಯಲ್ಲಿ ಗಣಕಯಂತ್ರದ ತರಬೇತಿ ಮುಗಿಸಿ ಬಂದವನಿಗೆ, ಕಾಲೇಜಿನ ನನ್ನ ಹುಡುಗರಿಗಾಗಿ ಕನ್ನಡದಲ್ಲೊಂದು ಪಾಠಪುಸ್ತಕ ಬರೆಯುವ ಹುರುಪು. ಉಳಿದ ಶಬ್ದಗಳನ್ನು ಹೇಗೋ ತಿಳಿಸಿದೆ. ‘ಲೂಪ್’ ಮಾತ್ರ ಯಾರ ತಲೆಗೂ ಹೋಗಲಿಲ್ಲ. ನಿಲ್ಲು ಎಂಬ ಗುರುತು ಸಿಗುವ ತನಕ ಯಂತ್ರ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದೇ ಲೂಪ್. ಗುರುತು ಸಿಗದಿದ್ದರೆ ಅದು ನಿಲ್ಲುವುದೇ ಇಲ್ಲ. ಆಗ ನೆನಪಾದದ್ದು ನಮ್ಮ ಮನೆಯ ಆ ಊಟ.

ಅಂದು ಊಟಕ್ಕೆ ಕರೆದಿದ್ದ ಮಠದ ಚನ್ನಬಸಯ್ಯಜ್ಜ ಉಣ್ಣುವಾಗ ಮಾತಾಡುವವರಲ್ಲ. ಅದು ಗೊತ್ತಿದ್ದೇ ನಾನು ‘ಅಜ್ಜಾರು ಸಾಕು ಅನ್ನೂತನಕ ತುಪ್ಪ ನೀಡು’ ಎಂದಿದ್ದೆ. ಹೊಸದಾಗಿ ಬಂದ ನಿನಗೇನು ಗೊತ್ತು? ತುಪ್ಪ ಹೋಳಿಗೆಯನ್ನು ಮುಳುಗಿಸಿತು, ಅವರು ಅಡ್ಡ ಹಿಡಿದ ಕೈಮೇಲೂ ಸುರಿಯಿತು, ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಇದನ್ನೇ ನಿನ್ನ ಹೆಸರು ಹಾಕಿ ಬರೆದೆ. ಕೊನೆಗೆ ‘ಗಣಕಯಂತ್ರಕ್ಕೂ ನನ್ನ ಹೆಂಡತಿಯಷ್ಟೇ ಬುದ್ಧಿ’ ಎಂದು ಸೇರಿಸಿದೆ. ತರಗತಿಯಲ್ಲಿ ಓದಿದಾಗ ಹುಡುಗರು ಬೆಂಚು ಬಡಿದು ನಕ್ಕರು. ಲೂಪ್ ಎಲ್ಲರಿಗೂ ತಿಳಿಯಿತು. ನಾನು ಉಬ್ಬಿಹೋದೆ.

ಅದೇ ಹುಡುಗರು ಸಂತೆಯಲ್ಲಿ ನಿನ್ನ ಬೆನ್ನ ಹಿಂದೆ ‘ಸಾಕ್ರೀ ಅಕ್ಕಾರ, ಸಾಕು!’ ಎಂದು ಕೂಗಿದರಂತೆ. ನೀನು ಅಳಲಿಲ್ಲ. ಗಂಟು ಕಟ್ಟುತ್ತ, ‘ನೀವು ಕಣ್ಸನ್ನಿ ಮಾಡಿದ್ದನ್ನೂ ಬರೀರಿ’ ಎಂದಷ್ಟೇ ಹೇಳಿದಿ.

ನಿಜ. ಅಜ್ಜ ಕೈ ಅಡ್ಡ ಹಿಡಿದಾಗ ನೀನು ಗಾಬರಿಯಾಗಿ ನನ್ನ ಮುಖ ನೋಡಿದಿ. ನಾನು ನಗು ತಡೆದುಕೊಂಡು, ನೀಡು ನೀಡು ಎಂದು ಹುಬ್ಬು ಹಾರಿಸಿದೆ. ನಿನಗೆ ಬುದ್ಧಿ ಇತ್ತು, ಅದಕ್ಕೇ ತಿರುಗಿ ನೋಡಿದಿ. ಯಂತ್ರ ಹಾಗೆ ನೋಡುವುದಿಲ್ಲ. ಅಂದರೆ ನನ್ನ ಪಾಠವೇ ಸುಳ್ಳು. ಹುಡುಗರೆದುರು ಇದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ, ರುಕ್ಮವ್ವ.

ನೀನು ಹೊರಟಾಗ ಆ ಪುಟ ತೆಗೆಸುತ್ತೇನೆಂದು ಮಾತು ಕೊಟ್ಟಿದ್ದೆ. ಅದು ನೆನಪಿದೆ. ಕೇಳಿದವರಿಗೆಲ್ಲ ಪಂಚಮಿಗೆ ತವರಿಗೆ ಹೋಗಿದ್ದಾಳೆ ಎನ್ನುತ್ತಿದ್ದೇನೆ. ಹಬ್ಬ ಮುಗಿದ ಮೇಲೆ ಏನು ಹೇಳಲಿ? ಬಂದುಬಿಡು.

ನಿನ್ನ ತಪ್ಪಿತಸ್ಥ,
ಗುರುಲಿಂಗಪ್ಪ

ತಾ.ಕ.: ಪುಸ್ತಕ ಅಚ್ಚಾಗಿ ಬಂದಿದೆ. ಪುಟ ಹಾಗೇ ಇದೆ. ನೀನು ಹೋದ ಮೇಲೆ, ನಾನು ಅನುಮಾನಿಸಿದ್ದು ಕಂಡು ಅಚ್ಚಿನವರೇ ತೆಗೆಯಲೇ ಎಂದು ಕೇಳಿದ್ದರು. ಎಲ್ಲರೂ ಮೆಚ್ಚಿದ ಪುಟ, ಇರಲಿ ಎಂದುಬಿಟ್ಟೆ. ನಾಳೆಯ ಬಸ್ಸಿಗೆ ಬಾಗೇವಾಡಿಗೆ, ನಿನ್ನ ತಮ್ಮ ಓದುವ ಕಾಲೇಜಿಗೆ ಒಂದು ಕಟ್ಟು ಹೋಗುತ್ತದೆ. ಅವನು ಅದನ್ನು ಮನೆಗೆ ತರುವ ಮೊದಲು ನಿನಗೆ ಮುಟ್ಟಲಿ ಎಂದೇ ಈ ಪತ್ರ ಇವತ್ತು ಬರೆದೆ.