ಹಾರ್ನ್ ನಿಲ್ಲಿಸಿದ ಸಾಹೇಬರಿಗೆ, ಹಗ್ಗದ ಕೆಳಗಿನಿಂದ

ಮಾನ್ಯ ತಪಾಸಣಾಧಿಕಾರಿಗಳೇ,

ದಹಿಸರದ ನಮ್ಮ ಸೈಟಿನ ಕ್ರೇನು ಇನ್ನು ಮುಂದೆ ಹಾರ್ನ್ ಹಾಕಕೂಡದೆಂದು ತಾವು ಹೊರಡಿಸಿದ ಆದೇಶ ನಮಗೆ ತಲುಪಿದೆ. ಚಾಚೂ ತಪ್ಪದೆ ಪಾಲನೆಯೂ ಆಗುತ್ತಿದೆ. ಅದೇ ಕ್ರೇನಿನ ತಂತಿಹಗ್ಗ ಸವೆದು ಎಳೆ ಬಿಟ್ಟಿದೆ, ಬದಲಿಸಿರೆಂದು ಅದಕ್ಕೂ ಮೊದಲೇ ನಾವು ಕೊಟ್ಟ ಅರ್ಜಿ ಮಾತ್ರ ತಮ್ಮ ಮೇಜಿನ ಮೇಲೆ ನಿದ್ದೆ ಹೋಗಿದೆ. ಪಕ್ಕದ ಬಿಲ್ಡಿಂಗಿನವರ ಮಧ್ಯಾಹ್ನದ ನಿದ್ದೆ ಕೆಟ್ಟಿದ್ದಕ್ಕೆ ತಾವು ಓಡಿ ಬಂದಿರಿ. ನಮ್ಮ ನಿದ್ದೆಗೆ ಯಾವ ಇಲಾಖೆ, ದಯವಿಟ್ಟು ತಿಳಿಸಿ.

ನನ್ನ ಹೆಸರು ಶಿವಕುಮಾರಿ. ಕಲಬುರಗಿ ಕಡೆಯವಳು. ಸೈಟಿನ ಹಿಂಬದಿಯ ತಗಡಿನ ಖೋಲಿಯಲ್ಲಿ ಕೂತು ಕೆಲಸಗಾರರಿಗೆ ಜೋಳದ ರೊಟ್ಟಿ ಬಡಿಯುತ್ತೇನೆ. ಬಿ.ಎ. ಓದಿದ್ದೇನೆ, ಆದರೆ ರೊಟ್ಟಿ ಅದನ್ನೆಲ್ಲ ಕೇಳುವುದಿಲ್ಲ. ನಮ್ಮ ಮನೆಯವರು ಶರಣಬಸಪ್ಪ, ಆ ಕ್ರೇನಿನ ಆಪರೇಟರ್. ಗಂಡನ ಹೆಸರು ಹೇಳಬಾರದೆಂದು ನನಗೂ ಕಲಿಸಿದ್ದಾರೆ. ಆದರೆ ತಮ್ಮ ವರದಿಯಲ್ಲಿ ಆ ಹೆಸರನ್ನು ತಾವು ತಪ್ಪಿತಸ್ಥನ ಜಾಗದಲ್ಲಿ ಕೂರಿಸಿದ್ದೀರಿ, ಹಾಗಾಗಿ ಇಲ್ಲಿಯೂ ಬರಲಿ. ಕಬ್ಬಿಣ ಇಳಿಸುವ ಜಾಗ ಒಂದು ಕಡೆ, ಏಳುತ್ತಿರುವ ಕಟ್ಟಡ ಇನ್ನೊಂದು ಕಡೆ, ನಡುವೆ ನಮ್ಮ ಖೋಲಿಗಳು. ಬೇರೆ ದಿಕ್ಕಿನಿಂದ ತಿರುಗಿಸೋಣವೆಂದರೆ ಪಕ್ಕದ ಬಿಲ್ಡಿಂಗಿನವರ ಕಾರುಗಳು ನಿಂತಿವೆ, ಅವುಗಳ ಮೇಲೆ ಭಾರ ಸಾಗಿಸುವಂತಿಲ್ಲ. ಹೀಗಾಗಿ ಊರಿನ ಕಾರುಗಳೆಲ್ಲ ಸುರಕ್ಷಿತವಾಗಿವೆ. ನನ್ನ ಗಂಡ ದಿನವೂ ಸರಳಿನ ಕಟ್ಟುಗಳನ್ನು ತನ್ನ ಹೆಂಡತಿಯ ತಲೆಯ ಮೇಲಿಂದ ಸಾಗಿಸುತ್ತಾನೆ.

ಹಗ್ಗ ಕೆಟ್ಟಿದೆಯೆಂದು ಹೆಂಗಸಿಗೆ ಹೇಗೆ ಗೊತ್ತಾಯಿತು ಎನ್ನುತ್ತೀರೇನೋ. ನಮ್ಮ ಮನೆಯವರ ಕೈಗವಸು ಹೊಲಿಯುವವಳು ನಾನು. ಹಗ್ಗದ ಮೇಲೆ ಕೈಯಾಡಿಸಿ ನೋಡಿ ಬಂದ ದಿನವೆಲ್ಲ ಅಂಗೈಯ ಬಟ್ಟೆ ಪರಪರ ಹರಿದಿರುತ್ತದೆ. ತುಂಡಾದ ತಂತಿಗಳು ಮುಳ್ಳಿನ ಹಾಗೆ ಎದ್ದು ನಿಂತು ಕೀಳುತ್ತವಂತೆ. ಮೊದಮೊದಲು ಅಲ್ಲೊಂದು ಇಲ್ಲೊಂದು ತೂತು ಇರುತ್ತಿತ್ತು. ಈಗ ಹೊಲಿಯಲು ಬಟ್ಟೆಯೇ ಉಳಿದಿಲ್ಲ.

ತಾವು ತಪಾಸಣೆಗೆ ಬಂದದ್ದು ಖಂಡೇ ಪೂಜೆಯ ಮರುದಿನ. ನಮ್ಮ ಕಡೆಯ ಮಂದಿ ಆ ಪೂಜೆಗೆ ದುಡಿಯುವ ಸಾಮಾನನ್ನು ತೊಳೆದು, ಎಣ್ಣೆ ಹಚ್ಚಿ, ಮದುಮಗನಂತೆ ಸಿಂಗರಿಸುತ್ತಾರೆ. ಈ ಸಲವೂ ಭಕ್ತಿ ಉಕ್ಕಿ ಹಗ್ಗಕ್ಕೆ ಗ್ರೀಸ್ ಮೆತ್ತಿದರು. ಮುರಿದ ತಂತಿಗಳೆಲ್ಲ ಅದರೊಳಗೆ ಮುಚ್ಚಿ ಹೋದವು. ಸಿಂಗಾರ ಮಾಡಿ ನಮ್ಮ ಸಾಕ್ಷಿಯನ್ನು ನಾವೇ ಅಳಿಸುತ್ತಿದ್ದೇವೆಂದು ಪಾಪ, ಒಬ್ಬರಿಗೂ ಹೊಳೆಯಲಿಲ್ಲ. ತಾವು ಕತ್ತೆತ್ತಿ ನೋಡಿದಿರಿ, ತೆಂಗಿನಕಾಯಿ ಹೋಳು ಬಾಯಿಗೆ ಹಾಕಿಕೊಂಡಿರಿ. "ಎಂಥ ಮಾರಾಯ್ರೆ, ಹಗ್ಗ ಹೊಸತರ ಹಾಗೆ ಉಂಟಲ್ಲ!" ಅಂದಿರಿ. ಕನ್ನಡ ಕೇಳಿ ನಮಗೆ ಜೀವ ಬಂದಂತಾಯಿತು. ನಮ್ಮವರೇ ಸಿಕ್ಕರೆಂದುಕೊಂಡೆವು. "ಸಾಹೇಬ್ರ, ಅರಬಿ ತಗೊಂಡು ಒಮ್ಮೆ ಒರಸಿ ನೋಡ್ರಿ" ಎಂದು ನಮ್ಮ ಮನೆಯವರು ಬಟ್ಟೆ ಹಿಡಿದು ನಿಂತೇ ಇದ್ದರು. ಪೂಜೆ ಮಾಡಿದ್ದನ್ನು ಒರೆಸುವುದು ಬೇಡವೆಂದು ತಾವು ಜೀಪು ಹತ್ತಿದಿರಿ. ತಮ್ಮ ದೈವಭಕ್ತಿಗೆ ನಮಸ್ಕಾರ. ಮರಾಠಿಯಲ್ಲಿ ಬರೆಸಿಕೊಟ್ಟ ಅರ್ಜಿ ತಮ್ಮನ್ನು ಅಲುಗಿಸಲಿಲ್ಲವಾದ್ದರಿಂದ, ತಾವು ಮಾಟುಂಗದಲ್ಲಿ ಕಾಫಿ ಕುಡಿಯುತ್ತ ಓದುವ ಕನ್ನಡ ಪತ್ರಿಕೆಗೇ ಈ ಪತ್ರ ಕಳಿಸುತ್ತಿದ್ದೇನೆ.

ಹೊಸ ಹಗ್ಗ ಸೈಟಿಗೆ ಬಂದಿದೆ, ಆಪರೇಟರ್ ಹಾಕಿಸಿಕೊಳ್ಳುತ್ತಿಲ್ಲ ಎಂದು ತಮ್ಮ ವರದಿ ಹೇಳುತ್ತದೆ. ಬಂದದ್ದು ನಿಜ. ಆದರೆ ಯಾವ ಹಗ್ಗ? ಇಷ್ಟು ಎತ್ತರದಿಂದ ಭಾರ ತೂಗಿದಾಗ ಸಾದಾ ಹಗ್ಗ ತನ್ನ ಹುರಿ ತಾನೇ ಬಿಚ್ಚಿಕೊಂಡು ಗರಗರ ತಿರುಗುತ್ತದೆ. ಒಳಗಿನ ಎಳೆ ಒಂದು ದಿಕ್ಕಿಗೆ, ಹೊರಗಿನದು ಅದರ ವಿರುದ್ಧ ದಿಕ್ಕಿಗೆ ಹೊಸೆದದ್ದೇ ಬೇಕು, ಅದು ತಿರುಗುವುದಿಲ್ಲ. ಕ್ರೇನಿನ ಜೊತೆ ಬಂದ ಪುಸ್ತಕದಲ್ಲೇ ಹೀಗೆ ಅಚ್ಚಾಗಿದೆ. ಸೂಪರ್‌ವೈಸರ್ ಹಿತೇಶ್ ಪೇಟೆಯಿಂದ ತರಿಸಿದ್ದು ಸಾದಾ ಹಗ್ಗ. ಕೇಳಿದರೆ, "ಭಾಭೀ, ಸೈಜ್ ಸೇಮ್ ಹೈ ನಾ? ಫಿರ್ ಪ್ರಾಬ್ಲೆಮ್ ಕ್ಯಾ ಹೈ?" ಎಂದ. ದಪ್ಪ ಒಂದೇ ಆದರೆ ಹಗ್ಗವೂ ಒಂದೇ ಆಗುತ್ತದೆಯೇ? ಮೈದಾ ಹಿಟ್ಟೂ ಬೆಳ್ಳಗಿದೆ, ಅದರಲ್ಲಿ ನಾನು ಜೋಳದ ರೊಟ್ಟಿ ಬಡಿಯಲೇ? ಹಳೆಯದರಲ್ಲಿ ಎತ್ತಿದರೆ ಹರಿಯುವ ಭಯ, ಹೊಸದರಲ್ಲಿ ಎತ್ತಿದರೆ ಭಾರ ತಿರುಗಿ ಬಂದು ಬಡಿಯುವ ಭಯ. ಎರಡೂ ಸರಿಯಿಲ್ಲವೆಂದು ಬಾಯಿಬಿಟ್ಟು ಹೇಳಿದವನ ಹೆಸರು ತಮ್ಮ ವರದಿಯಲ್ಲಿ.

ಹಾಗಾದರೆ ಕೆಲಸ ಬಿಟ್ಟು ಹೋಗಬಹುದಲ್ಲ ಎನ್ನಬೇಡಿ. ಆ ಮಾತು ನಾನೇ ಆಡಿ ನೋಡಿದ್ದೇನೆ. ಕೂಗಾಡಿದೆ, ಅತ್ತು ಕರೆದೆ, ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟೆ. ಅವರು ಊಟದ ತಾಟಿನಿಂದ ತಲೆ ಎತ್ತದೆ ಹೇಳಿದರು: "ನಾ ಇಳದ್ರ ಇನ್ನೊಬ್ಬಾಂವ ಹತ್ತತಾನ. ಹಗ್ಗ ಅದೇ ಇರ್ತದ, ಕೆಳಗ ಈ ಮಂದೀನೂ ಇರ್ತದ. ಅವಂಗ ಮಲ್ಲಕ್ಕನ ಕೂಸು ಎಲ್ಲಿ ಮಲಗ್ತದಂತ ಹ್ಯಾಂಗ ಗೊತ್ತಾಗಬೇಕು?" ಮಲ್ಲಕ್ಕ ನಮ್ಮ ಪಕ್ಕದ ಖೋಲಿಯವಳು, ಕೂಸು ಇನ್ನೂ ತೊಟ್ಟಿಲಲ್ಲಿದೆ. ನಾನು ಗಂಟು ಬಿಚ್ಚಿದೆ. ಮೇಲೆ ಕೂತವರು ಇಳಿಯುವಂತಿಲ್ಲ, ಕೆಳಗಿದ್ದವರು ಹೋಗುವಂತಿಲ್ಲ. ಮೆತ್ತಿದ ಗ್ರೀಸಿನೊಳಗೆ ನಾವೂ ಸಿಕ್ಕಿಕೊಂಡಿದ್ದೇವೆ.

ಇದ್ದ ಒಂದೇ ದಾರಿ ಹಾರ್ನ್ ಆಗಿತ್ತು. ಭಾರ ನಮ್ಮ ಕಡೆ ತಿರುಗಿಸುವ ಮೊದಲು ಅವರು ಹಾರ್ನ್ ಹಾಕುತ್ತಿದ್ದರು. ನಾವು ಒಲೆ ಹಾಗೆಯೇ ಬಿಟ್ಟು, ಕೂಸುಗಳನ್ನು ಎತ್ತಿಕೊಂಡು, ಕಂಪೌಂಡಿನ ಗೋಡೆಗೆ ಹೋಗಿ ನಿಲ್ಲುತ್ತಿದ್ದೆವು. ರೊಟ್ಟಿ ಸೀದು ಕರಕಾಗುತ್ತಿತ್ತು, ಆಗಲಿ. ಯಾರೂ ಕಲಿಸಿದ ಪಾಠವಲ್ಲ ಅದು, ಗಂಡ ಹೆಂಡಿರು ನಾವು ಕಂಡುಕೊಂಡದ್ದು. ಅದನ್ನೂ ತಾವು ಸಹಿ ಹಾಕಿ ನಿಲ್ಲಿಸಿದಿರಿ. ಈಗ ಕ್ರೇನಿನ ತೋಳಿನ ನೆರಳು ಅಂಗಳದಲ್ಲಿ ಸರಿದರೆ ಅದೇ ನಮ್ಮ ಹಾರ್ನ್. ಮೋಡ ಮುಚ್ಚಿದ ದಿನ ನೆರಳೂ ಇಲ್ಲ.

ಮೊನ್ನೆ ಅಂಥದ್ದೇ ದಿನ. ಮಲ್ಲಕ್ಕ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು. ನಾನು ಯಾಕೋ ತಲೆ ಎತ್ತಿದೆ. ಸರಳಿನ ಕಟ್ಟು ನಮ್ಮ ಖೋಲಿಗಳ ಅಂಚಿಗೆ ಬಂದು ಅಲುಗದೆ ನಿಂತಿತ್ತು. ಮೇಲಿಂದ ನಮ್ಮ ಮನೆಯವರು ಅವಳನ್ನು ಕಂಡಿದ್ದರು, ಮುಂದೆ ತರಲಾಗದೆ, ಕೂಗಲಾಗದೆ ಕಾಯುತ್ತಿದ್ದರು. ಕೆಳಗೆ ಹಿತೇಶ್ ವಾಕಿಟಾಕಿಯಲ್ಲಿ ಬೈಯುತ್ತಿದ್ದ. "ಮಲ್ಲಕ್ಕಾ, ಏಳs!" ಎಂದು ಚೀರಿದೆ. ಸೋಪಿನ ನೊರೆ ಮೆತ್ತಿದ ಕೂಸನ್ನು ಎದೆಗೊತ್ತಿಕೊಂಡು ಓಡಿದಳು. ಕಟ್ಟು ದಾಟಿತು, ಏನೂ ಆಗಲಿಲ್ಲ. ಆದರೆ ಆ ದಿನ ನಾನು ಮತ್ತೆ ಹಿಟ್ಟಿಗೆ ಕೈ ಹಾಕಲಿಲ್ಲ, ಕತ್ತೆತ್ತಿಕೊಂಡೇ ಕೂತೆ. ಏನೂ ಆಗದಿದ್ದುದರಿಂದ ತಮ್ಮ ವರದಿಗೆ ಇದು ಸೇರುವುದಿಲ್ಲ ಎಂಬುದು ನನಗೆ ಗೊತ್ತು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಹಗ್ಗವನ್ನು ಬಟ್ಟೆಯಿಂದ ಒರೆಸಿ, ಕಣ್ಣಾರೆ ನೋಡಿ. ಆ ಕ್ರೇನಿಗೆ ತಕ್ಕ ಹಗ್ಗವನ್ನೇ ಹಾಕಿಸಿ. ಅಲ್ಲಿಯವರೆಗೆ ನಮ್ಮ ತಲೆಯ ಮೇಲೆ ಒಂದು ಸರಳೂ ಹಾಯಬಾರದು. ಆಪರೇಟರನ ಹೆಸರನ್ನು ವರದಿಯಿಂದ ತೆಗೆಯಿರಿ.

ಇಷ್ಟು ಮಾಡಲು ಪುರುಸೊತ್ತಿಲ್ಲದಿದ್ದರೆ, ನಮ್ಮ ಖೋಲಿಗೆ ಒಂದು ಮಧ್ಯಾಹ್ನ ಊಟಕ್ಕೆ ಬನ್ನಿ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಹಾಕುತ್ತೇನೆ. ಸಾವಕಾಶ ಉಣ್ಣಿ. ಮೇಲೆ ನಮ್ಮ ಮನೆಯವರು ಕೆಲಸದಲ್ಲಿರುತ್ತಾರೆ. ಊಟದ ನಡುವೆ ಎದ್ದು ಓಡಿರೆಂದು ತಮಗೆ ಯಾರೂ ಹೇಳುವುದಿಲ್ಲ. ಹಾರ್ನ್ ತಾವೇ ನಿಲ್ಲಿಸಿದ್ದೀರಲ್ಲ.

ಇಂತಿ,
ಮೋಡ ಕಂಡರೆ ರೊಟ್ಟಿ ಬಿಟ್ಟು ಹೊರಗೋಡುವ,
ತಮ್ಮ ವರದಿಯ ಪ್ರಕಾರ ಕ್ಷೇಮವಾಗಿರುವ,
ಶಿವಕುಮಾರಿ