ಮಾಸೂರಿನ ಗೋಡೆಗೆ ಸಿಕ್ಕಿದ್ದು

ಆಡೂರು
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಅಕ್ಕ ಶಿವಬಸವ್ವನಿಗೆ ತಂಗಿ ಶೈಲಾಳ ಶರಣು.

ನೀನು ಕಳಿಸಿದ ಸವಣೂರಿನ ವೀಳ್ಯದೆಲೆ ಮುಗಿದು, ದೀಪಾವಳಿಯೂ ಕಳೆದ ಮೇಲೆ ನನ್ನ ಕಾಗದ ಬರುತ್ತಿದೆ. ಸಿಟ್ಟಾಗಬೇಡ. ಫೋನ್ ಮಾಡೋಣವೆಂದರೆ ಮನೆಯಲ್ಲಿರುವುದು ಒಂದೇ ಫೋನು, ಅದು ಸದಾ ಇವರ ಕಿವಿಗೆ ಅಂಟಿಕೊಂಡಿರುತ್ತದೆ. ಆ ಕಡೆ ಯಾರು ಗೊತ್ತೇ? ಶಿಗ್ಗಾವಿಯ ಪಂಕ್ಚರ್ ಅಂಗಡಿ ಫಕ್ಕೀರಪ್ಪ. ಮುಂಜಾನೆ ಚಹಾಕ್ಕಿಂತ ಮೊದಲು ಅವನು, ಊಟವಾದ ಮೇಲೆ ಮತ್ತೆ ಅವನು. ಹೆಂಗಸಾಗಿದ್ದರೆ ಕೂದಲು ಹಿಡಿದು ಜಗಳ ತೆಗೆಯಬಹುದಿತ್ತು. ಬೋಳುತಲೆಯ ಗಂಡಸಿನದು ಏನು ಹಿಡಿಯಲಿ?

ಇವರು ಕುಡಿಯುವುದನ್ನು ಬಿಟ್ಟಿದ್ದು ನಿಜ. ಹೋದ ವರ್ಷದ ಶ್ರಾವಣದಿಂದ ಒಂದು ಹನಿ ಮುಟ್ಟಿಲ್ಲ. ಆದರೆ ಅದಕ್ಕೆ ದಾರಿ ಹುಡುಕಿದವಳು ಯಾರು? ಬಳೆ ಮಾರುವ ರಮಜಾನಬಿ ನಮ್ಮ ಕಟ್ಟೆಯ ಮೇಲೆ ಕುಳಿತು, "ನಮ್ಮ ಮನಿಯವ್ರೂ ಹಿಂಗ ಇದ್ರವಾ. ಕುಡಿಯೋದು ಬಿಟ್ಟವ್ರೆಲ್ಲಾ ವಾರಕ್ಕೊಮ್ಮೆ ಒಂದ ಕಡೆ ಕುಂದರ್ತಾರ, ತಮ್ಮ ತಮ್ಮ ಕಥಿ ಹೇಳ್ಕೋತಾರ. ಔಷಧ ಇಲ್ಲ, ತಾಯತ ಇಲ್ಲ. ಹಿರೇಕೆರೂರಿಗೆ ಹೋಗು" ಎಂದಳು. ಹೋದೆ. ಅಲ್ಲಿ ಅದು ನಿಂತುಹೋಗಿತ್ತು. ದವಾಖಾನೆಯ ಕಾಂಪೌಂಡರ್ ಒಬ್ಬ ಹಾನಗಲ್ಲಿನ ಒಂದು ಶಾಲೆಯ ಕೋಣೆ ಹೇಳಿದ. ಭಾನುವಾರ ಇವರ ಅಂಗಿ ಹಿಡಿದು ಎಳೆದುಕೊಂಡು ಹೋದವಳೂ ನಾನೇ. "ಅಕ್ಕಾರ, ಒಳಗ ನೀವು ಬರಂಗಿಲ್ರಿ" ಎಂದು ಬಾಗಿಲಲ್ಲೇ ತಡೆದವನು ಈ ಫಕ್ಕೀರಪ್ಪ. ಬಿಸಿಲಲ್ಲಿ ಮೆಟ್ಟಿಲ ಮೇಲೆ ಕುಳಿತೆ. ಒಳಗಿನಿಂದ ನಗು ಕೇಳಿಸಿತು. ಅದರಲ್ಲಿ ಇವರ ನಗುವೂ ಇತ್ತು. ಅದನ್ನು ಕೇಳಿ ನನಗೆ ಎಷ್ಟು ಕಾಲವಾಗಿತ್ತು!

"ಏನ್ ಹೇಳಿದ್ರಿ ಒಳಗ?" ಎಂದು ಕೇಳಿದೆ.

"ಅದು ಹೊರಗ ಹೇಳೂದಲ್ಲ."

"ನಾ ಹೊರಗಿನಾಕಿ ಏನ್ರಿ?"

ಬಸ್ಸು ಬಂತೆಂದು ಎದ್ದರು.

ಈಗ ಇನ್ನೊಂದು ಶುರುವಾಗಿದೆ. ಕುಡಿದಾಗ ಯಾರಿಗೆ ತ್ರಾಸು ಕೊಟ್ಟಿದ್ದರೋ ಅವರಲ್ಲಿಗೆ ಹೋಗಿ ತಪ್ಪಾಯಿತೆನ್ನಬೇಕಂತೆ. ಗೌಂಡಿಯಲ್ಲವೇ ಇವರು, ಮಾಸೂರಿನಲ್ಲಿ ಅಮಲಿನಲ್ಲಿ ಕಟ್ಟಿದ ಕೊಟ್ಟಿಗೆಯ ಗೋಡೆ ಸೊಟ್ಟಾಗಿತ್ತು. ಹೋಗಿ ಅದನ್ನು ಕೆಡವಿ, ದಾರ ಹಿಡಿದು ನೆಟ್ಟಗೆ ಕಟ್ಟಿಕೊಟ್ಟು ಬಂದರು. ಕೆಳಗಿನ ಓಣಿಯ ನಾಗವ್ವನ ಕೋಳಿಯನ್ನು ಒಮ್ಮೆ ತುಳಿದು ಕೊಂದಿದ್ದರು. ಅವಳ ಕಾಲು ಮುಟ್ಟಿದರು. "ಕರಬಸಪ್ಪ ನನ್ನ ಕಾಲ ಹಿಡದ್ನವಾ" ಎಂದು ಅವಳು ವಾರಗಟ್ಟಲೆ ಸಾರಿಕೊಂಡು ತಿರುಗಿದಳು. ನಾನು ದಿನಾ ಮುಂಜಾನೆ ತಲೆ ಬಾಚಿಕೊಂಡು, ಇವತ್ತು ನನ್ನ ಪಾಳಿ ಬಂದೀತೆಂದು ಕಾಯುತ್ತೇನೆ ಅಕ್ಕ. "ಶೈಲಾ" ಎಂದು ಕರೆದರೆ ಎದೆ ಹಾರುತ್ತದೆ. ಓಡಿಹೋದರೆ, "ಸಾಬೂನು ಎಲ್ಲೈತಿ?"

ನಿನ್ನೆ ಅವರ ವರ್ಷದ ಕೂಟ. ಮನೆಯವರೂ ಬರಬಹುದೆಂದರು. ಇಳಕಲ್ ಸೀರೆ ಉಟ್ಟು, ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿಕೊಂಡು ಹೋದೆ. ಇವರು ಎದ್ದು ನಿಂತು, "ನಾ ಕರಬಸಪ್ಪ. ನಾ ಒಬ್ಬ ಕುಡುಕ" ಎಂದರು. ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು! ಆ ಒಂದು ಮಾತನ್ನು ನಾನಂದಾಗ ಉಣ್ಣುವ ತಾಟು ಗೋಡೆಗೆ ಹೋಗಿ ಬಡಿದಿತ್ತು. ಸೊಟ್ಟಾದ ಆ ತಾಟು ಇನ್ನೂ ಒಲೆಯ ಬದಿಯಲ್ಲಿದೆ. ಆಮೇಲೆ, "ಫಕ್ಕೀರಪ್ಪಣ್ಣ ಇಲ್ಲಾಂದ್ರ ನಾ ಇಷ್ಟೊತ್ತಿಗೆ ಮಣ್ಣಾಗಿರ್ತಿದ್ದೆ" ಎಂದು ಅವನನ್ನು ತಬ್ಬಿಕೊಂಡು ಅತ್ತರು. ಈಗ ಬಂತು, ಈಗ ಬಂತು ಎಂದು ನನ್ನ ಹೆಸರಿಗೆ ಕಾದೆ. ಬರಲಿಲ್ಲ.

ಹೋಳಿಗೆಯನ್ನು ಮಾತ್ರ ಎಲ್ಲರೂ ಹೊಗಳಿದರು. "ಅಕ್ಕಾರ, ಕೈ ಭಾಳ ಚಲೋ ಐತ್ರಿ ನಿಮ್ದು" ಎಂದ ಫಕ್ಕೀರಪ್ಪ, ಬಾಯಿ ತುಂಬ ಇಟ್ಟುಕೊಂಡು.

"ಹಂಗಂದ್ರ ಇವ್ರನ್ನೂ ನಿಮ್ಮ ಅಂಗಡ್ಯಾಗ ಇಟ್ಕೊಂಬಿಡ್ರಿ. ಬುತ್ತಿ ನಾ ಕಳಸ್ತೇನಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಗಂಡನ ಜೊತೆ ಕೂಟಕ್ಕೆ ಬಂದಿದ್ದ ರಮಜಾನಬಿಗೆ ನನ್ನ ಮುಖ ನೋಡಿಯೇ ತಿಳಿಯಿತು. "ನಮ್ಮ ಹೆಂಗಸರ್ದೂ ಒಂದು ಕೂಟ ಐತಿ, ಬಾರವಾ. ಅಲ್ಲಿಂದೂ ಹೊರಗ ಹೇಳಂಗಿಲ್ಲ" ಎಂದು ಕೈ ಹಿಸುಕಿದಳು. ಹೋಗುತ್ತೇನೆ. ಬಂದ ಮೇಲೆ ಇವರು "ಏನ್ ಹೇಳಿದಿ?" ಎಂದು ಕೇಳಲಿ, "ಅದು ಹೊರಗ ಹೇಳೂದಲ್ಲ" ಎನ್ನುತ್ತೇನೆ. ಇವರ ಹೊಟ್ಟೆಯೂ ಒಂದಿಷ್ಟು ಉರಿಯಲಿ.

ನಿನ್ನ ಮಗಳು ಅಂಕಿತಾಳಿಗೆ ದಿನ ತುಂಬುತ್ತ ಬಂತು. ಹುಳಿ ಬೇಡಿದರೆ ಬೈಯಬೇಡ. ಕೂಸು, ಬಾಣಂತಿ ಸುಖವಾಗಿರಲಿ, ಮನೆ ತಣ್ಣಗಿರಲಿ.

ನಿನ್ನ ತಂಗಿ,
ಶೈಲಾ

ತಾ.ಕ.: ಹೋದ ವರ್ಷ ಪಂಚಮಿಗೆ ಬಂದಾಗ ನನ್ನ ಎಡಗಿವಿಯಲ್ಲಿದ್ದ ಹತ್ತಿ ನೋಡಿ ನೀನು ಕೇಳಿದ್ದೆ. ಬಚ್ಚಲಲ್ಲಿ ಜಾರಿಬಿದ್ದೆ ಎಂದಿದ್ದೆ. ಜಾರಿರಲಿಲ್ಲ ಅಕ್ಕ. ತಾಟಿನ ಹಿಂದೆ ಕೈಯೂ ಬಂದಿತ್ತು. ಮರುದಿನ ಇವರಿಗೆ ಏನೂ ನೆನಪಿರಲಿಲ್ಲ, ಇವರಿಗೂ ಬಚ್ಚಲೆಂದೇ ಹೇಳಿದೆ. ಆ ಕಿವಿ ಅಂದಿನಿಂದ ಕೇಳುವುದಿಲ್ಲ. ನಿನ್ನೆ ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ನನ್ನ ಎಡಕ್ಕೆ ಕುಳಿತಿದ್ದರು. ಹಾನಗಲ್ ದಾಟಿದ ಮೇಲೆ ಬಾಗಿ ಏನೋ ಹೇಳಿದರು. ಉಸಿರು ತಾಗಿತು, ಮಾತು ತಾಗಲಿಲ್ಲ. ಇನ್ನೊಮ್ಮೆ ಹೇಳಿರಿ ಎಂದರೆ ಯಾಕೆ ಕೇಳಿಸಲಿಲ್ಲವೆಂದು ನಾನು ಹೇಳಬೇಕಾಗುತ್ತಿತ್ತು. "ಹೂಂ" ಎಂದೆ. ಇವರು ಟವೆಲಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು, ಊರು ಬರುವತನಕ ಬಿಡಲಿಲ್ಲ. ಫಕ್ಕೀರಪ್ಪನಿಗೆ ಹೇಳಿದ್ದು ಕೋಣೆಗೆಲ್ಲ ಕೇಳಿತ್ತು. ನನಗೆ ಹೇಳಿದ್ದು ನನಗೇ ಕೇಳಲಿಲ್ಲ. ಯಾವುದಕ್ಕೆ ಹೂಂ ಅಂದೆನೋ, ಅಕ್ಕ.